ಮುಚ್ಚಿದ ಗೇಟಿನ ಈಚೆ

ಚೀಟಿ ಅಚ್ಚು ಹಾಕಿದವಳು ನಾನೇ.
ಮುನ್ನೂರ ಹನ್ನೆರಡು, ತೆಳು ಹಳದಿ ಕಾಗದ,
ಮೇಲೆ ಪಕ್ಷದ ಹೆಸರು, ಕೆಳಗೆ ಒಂದೇ ಖಾಲಿ ಗೆರೆ:
ನಮ್ಮ ಅಭ್ಯರ್ಥಿ ಇವರಾಗಲಿ.
ಮಂಡಿಪೇಟೆಯ ಓಣಿಯಲ್ಲಿ ಅಪ್ಪ ಬಿಟ್ಟುಹೋದ ಟ್ರೆಡಲ್
ಇನ್ನೂ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ,
ಕಾಗದ ಸಿಕ್ಕರೆ ಕಾಗದ, ಬೆರಳು ಸಿಕ್ಕರೆ ಬೆರಳು.

ನನ್ನ ಅನ್ನ ಬೇಯುವುದೇ ಅರ್ಜಿಗಳ ಮೇಲೆ.
ಲೈಸೆನ್ಸಿನ ನಮೂನೆ, ಖಾತೆ ಬದಲಾವಣೆ,
ಬದುಕಿದ್ದೇನೆ ಅನ್ನುವುದಕ್ಕೊಂದು,
ಸತ್ತಿದ್ದಾರೆ ಅನ್ನುವುದಕ್ಕೊಂದು.
ಬಿಡಿಯಾಗಿ ಎರಡು ರೂಪಾಯಿ,
ನೂರು ತಗೊಂಡರೆ ನೂರೈವತ್ತು.

ಕಲ್ಯಾಣ ಮಂಟಪದಲ್ಲಿ ವೀಕ್ಷಕರು ನೀರು ಕುಡಿದು
ಮೂವರು ಆಕಾಂಕ್ಷಿಗಳನ್ನು ಕರೆದರು.
ಮೊದಲು ರುದ್ರಮುನಿಯವರು:
ಮನೆಗೊಂದು ಮಿಕ್ಸಿ, ಓಣಿಗೊಂದು ಭವನ, ಜಾತಿಗೊಂದು ನಿಗಮ.
ಚಪ್ಪಾಳೆ ನಾನೂ ಹೊಡೆದೆ; ಕರಪತ್ರದ ಬಾಬ್ತು
ಹನ್ನೊಂದು ಸಾವಿರ ಅವರಿಂದ ಬರಬೇಕು.
ಎರಡನೆಯವರ ಪರವಾಗಿ ಅವರಪ್ಪ ಮಾತಾಡಿದರು,
ಮಗ ಕೈ ಮುಗಿದ, ಎಲ್ಲಿ ನೋಡಬೇಕೋ ತಿಳಿಯದೆ
ಫ್ಯಾನು ನೋಡಿದ.

ಆಮೇಲೆ ಮಂಡಕ್ಕಿ ಭಟ್ಟಿಯ ಕೊಟ್ರಬಸಪ್ಪ.
ಹುಬ್ಬಿನ ಮೇಲೆ ಬೂದಿ, ಶಾಲು ಇಲ್ಲ.
‘ಅಶೋಕ ರಸ್ತೆ ರೈಲ್ವೆ ಗೇಟು ಎಲ್ಲರಿಗೂ ಗೊತ್ತಲ್ಲ,
ರೈಲು ಬಂದಾಗ ಮುಚ್ಚಬೇಕು, ಅದು ಧರ್ಮ.
ಹೋದ ಮೇಲೂ ಮುಚ್ಚಿದ್ದರೆ?
ಗೇಟ್ ಕಿತ್ತು ಒಗೀರಿ ಅನ್ನೋನಲ್ಲ ನಾನು.
ತೆರೆಯೋದನ್ನ ಮರೀಬ್ಯಾಡ್ರಿ ಅಂತೀನಿ, ಅಷ್ಟೇ.
ನಮ್ಮ ಅಜ್ಜಂದಿರು ಓಣಿ ಬಾವಿ ತೋಡಿದರು,
ಯಾವ ಕಚೇರಿಗೂ ನೀರಿನ ಲೆಕ್ಕ ಕೊಡಲಿಲ್ಲ.
ನಾನು ಗೆದ್ದರೆ ನಿಮಗೇನೂ ಕೊಡಲ್ಲ.
ನಿಮ್ಮದನ್ನ ನಿಮ್ಮ ಕೈಯಾಗೇ ಇರಾಕ ಬಿಡ್ತೀನಿ.’

ಹಿಂದಿನಿಂದ ಯಾರೋ ಕೂಗಿದರು:
‘ನಿನ್ನ ಭಟ್ಟಿ ಹೊಗೆಗೆ ನಮ್ಮವ್ವ ಕೆಮ್ಮತಾಳೆ,
ಅದನ್ನ ಕೇಳೋರ್ಯಾರು?’
ಅವನು ಸುಮ್ಮನಾದ. ಬಹಳ ಹೊತ್ತು ಸುಮ್ಮನಾದ.
‘ಹೊಗೆ ಕೇಳಲಿ. ಕೇಳಬೇಕು.
ಆದ್ರೆ ಒಂದು ಕೊಳವೆಗೆ ಏಳು ಮೇಜು ಯಾಕೆ?’

ನಾನೆದ್ದೆ: ‘ಪಕ್ಕದ ಮನೆ ಹುಸೇನಮ್ಮನ ಪಿಂಚಣಿ?’
‘ಅದು ನಿಲ್ಲಬಾರದು ತಾಯಿ, ಅದು ರೈಲು.
ಅವಳು ಬದುಕಿದಾಳೆ ಅಂತ ವರ್ಷಾ ವರ್ಷಾ
ಅವಳೇ ಹೋಗಿ ಹೇಳೋದೈತಲ್ಲ, ಅದು ಗೇಟು.’

ನನಗೆ ಎದೆಯಲ್ಲಿ ಚುಚ್ಚಿತು.
ಆ ನಮೂನೆಯ ಅಚ್ಚು ನನ್ನದು;
ಕಳೆದ ಕಾರ್ತೀಕದಲ್ಲಿ ಹುಸೇನಮ್ಮ
ಬದುಕಿದ್ದೇನೆ ಅನ್ನುವ ಕಾಗದಕ್ಕೆ
ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ಎಣಿಸಿದ್ದಳು,
ನಾನು ತೆಗೆದುಕೊಂಡಿದ್ದೆ.

ಚೀಟಿ ಕೈಗೆ ಬಂತು. ಮಸಿ ಇನ್ನೂ ಹಸಿ,
ಹೆಬ್ಬೆರಳಿಗೆ ಪಕ್ಷದ ಹೆಸರು ಉಲ್ಟಾ ಅಂಟಿತು.
ಹನ್ನೊಂದು ಸಾವಿರ ನೆನೆದೆ.
ಅರ್ಜಿ ಕಮ್ಮಿಯಾದರೆ ಟ್ರೆಡಲ್ ಏನು ಅಗಿಯುತ್ತದೆ ಎಂದು ನೆನೆದೆ.
ಮದುವೆ ಪತ್ರಿಕೆ ಅಗಿಯಲಿ,
ನಾಮಕರಣ, ಗೃಹಪ್ರವೇಶ ಅಗಿಯಲಿ,
ಜನ ತಾವಾಗಿ ಹೇಳಿಕೊಳ್ಳುವ ಮಾತು.
ಒತ್ತಕ್ಷರ ತಪ್ಪದಂತೆ ಬರೆದೆ: ಕೊಟ್ರಬಸಪ್ಪ.
ಮಡಚಿದೆ. ಹಾಕಿದೆ.

ಎಣಿಕೆ ಇಲ್ಲಿ ಇಲ್ಲವಂತೆ.
ಲಕೋಟೆಗೆ ಅರಗು ಒತ್ತಿ
ವೀಕ್ಷಕರು ರಾತ್ರಿ ರೈಲಿಗೆ ಹೊರಟರು.
ಹೆಸರು ಅಲ್ಲಿ ಮೊದಲೇ ಬರೆದಿದೆ ಎಂದು
ಚಹಾದಂಗಡಿಯಲ್ಲಿ ಒಬ್ಬ ನಕ್ಕ. ಇರಬಹುದು.

ಮನೆಗೆ ಬರುವಾಗ ಗೇಟು ಬಿತ್ತು.
ಲೂನಾದ ಮೇಲೆ ಕೊಟ್ರಬಸಪ್ಪ,
ಹಿಂದೆ ಮಂಡಕ್ಕಿ ಚೀಲ; ಅವನ ಪಕ್ಕ ನಾನು.
ನಮ್ಮ ಲಕೋಟೆ ಹೊತ್ತ ರೈಲು
ಕಿಟಕಿ ಕಿಟಕಿಯ ಬೆಳಕು ಎಸೆಯುತ್ತಾ ಹಾದುಹೋಯಿತು.

ಹೋಯಿತು.
ಹಳಿಯ ನಡುಕವೂ ನಿಂತಿತು.
ಆಚೆ ಕಡೆಯವರು ಆಚೆ, ಈಚೆಯವರು ಈಚೆ.
ಅವನು ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ,
ಎಂಜಿನ್ ಆರಿಸಿ
ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಕೊಟ್ಟ.