ಮೂರನೆಯ ಬುಧವಾರ

ತಿಂಗಳ ಮೂರನೆಯ ಬುಧವಾರ ಸರ್ಕಾರ
ಡೆಲ್ಮರನ ಹೆಸರಿಗೆ ಹಣ ಹಾಕುತ್ತದೆ.
ಅವನ ಕೈ ಮುಟ್ಟುವ ಮೊದಲೇ
ನಾನೂರ ಹನ್ನೆರಡು ಡಾಲರು ನಲವತ್ತು ಸೆಂಟು
ಕವಲೊಡೆದು ನನ್ನ ಕಡೆ ಹರಿಯುತ್ತದೆ.
ಸದ್ದಿಲ್ಲ, ಸುದ್ದಿಯಿಲ್ಲ.
ಇಲ್ಲಿಯ ಟಗ್ ಹೊಳೆಯಾದರೂ ದಾರಿ ಬದಲಿಸುವಾಗ
ಕಲ್ಲಿಗೆ ಬಡಿದು ಗೊಣಗುತ್ತದೆ.

ಗೊಣಗುವವನು ಅವನು. ಫೋನಿನಲ್ಲಿ,
ಮೂಗಿಗೆ ಸಿಕ್ಕಿಸಿದ ನಳಿಗೆಯ ಸುಯ್ಯೆಂಬ ಸದ್ದಿನ ಹಿಂದಿನಿಂದ:
"ನನ್ನ ಪುಪ್ಪುಸ ತಿನ್ನುತ್ತಿದ್ದೀಯ, ವರ್ಲೀನ್.
ಉಪ್ಪು ಹಾಕಿಕೊಂಡೆಯಾ?"

ಹಾಕಿಕೊಂಡೆ, ಎಂದೆ.

ಇಪ್ಪತ್ತೇಳು ವರ್ಷ
ಆ ಗಣಿಯ ಧೂಳು ಒಗೆದವಳು ನಾನು.
ಮೊದಲ ನೀರು ಮಸಿ, ಎರಡನೆಯದು ಬೂದಿ,
ಮೂರನೆಯದೂ ತಿಳಿಯಾಗುತ್ತಿರಲಿಲ್ಲ,
ಸಾಕು ಅಂದುಕೊಳ್ಳುತ್ತಿದ್ದೆ.
ಅವನ ಕಾಲರಿನೊಳಗಿದ್ದದ್ದು
ನನ್ನ ಉಗುರಿನೊಳಕ್ಕೆ ಬಂದು ಕೂರುತ್ತಿತ್ತು.
ಅವನ ಎದೆಯ ಚಿತ್ರ ತೆಗೆದು ಗೋಡೆಯ ಬೆಳಕಿಗೆ ಹಿಡಿದು
ಇಷ್ಟು ಹೋಗಿದೆ, ಇಷ್ಟು ಉಳಿದಿದೆ ಅಂದರು.
ನನ್ನ ಉಗುರನ್ನು ಯಾರೂ ಬೆಳಕಿಗೆ ಹಿಡಿಯಲಿಲ್ಲ.

ಜೀವನಾಂಶ ಅಂತ ಬರೆದರು ಆದೇಶದಲ್ಲಿ.
ಯಾರ ಜೀವನ, ಎಷ್ಟನೆಯ ಅಂಶ?
ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು
ತಿಂಗಳಿಗೆ ಮುನ್ನೂರು ಅಂದರು.

ಒಂದು ಸಲವೂ ಕೊಡಲಿಲ್ಲ, ನಾಲ್ಕು ವರ್ಷ.
ಪಿಕಪ್ಪು ತಮ್ಮನ ಹೆಸರಿಗೆ,
ದೋಣಿ ಮಗಳ ಗಂಡನ ಹೆಸರಿಗೆ,
ಬಂದೂಕುಗಳು ಚರ್ಚಿನ ಗೆಳೆಯನ ಕಪಾಟಿಗೆ;
ತನ್ನ ಹೆಸರಿಗೆ ಕೆಮ್ಮೊಂದನ್ನೇ ಉಳಿಸಿಕೊಂಡು
ಕಟಕಟೆಗೆ ಬಂದು ನಿಂತ.
ಆ ನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಇನ್ನೂರು ಮಕ್ಕಳ ತಟ್ಟೆ ತೊಳೆದು ಬಂದು
ಎಡದವಡೆಯಲ್ಲಿ ಮಾತ್ರ ಅಗಿದೆ.
ಬಲಗಡೆಯ ಹಲ್ಲು ಮುರಿದಿತ್ತು.

ಈಗ ಮುಟ್ಟುಗೋಲು.
ಮುನ್ನೂರು ಈ ತಿಂಗಳದ್ದು, ಮೇಲಿನದು ಹಳೆಯ ಬಾಕಿಗೆ.
ಕಚೇರಿಯ ಹುಡುಗಿ ಯಂತ್ರದಲ್ಲಿ ಒತ್ತಿ ನೋಡಿ ಹೇಳಿದಳು:
ಪೂರ್ತಿ ತೀರಲು ಹತ್ತು ವರ್ಷ ಒಂಬತ್ತು ತಿಂಗಳು.
ವೈದ್ಯರು ಅವನಿಗೆ ಕೊಟ್ಟಿರುವುದು ಮೂರು.

ಲೆಕ್ಕ ನನಗೂ ಬರುತ್ತದೆ.
ಟ್ರೀನಾ ಮಾತು ಬಿಟ್ಟಿದ್ದಾಳೆ,
ಅಪ್ಪನ ಬಾಯಿಂದ ಕಸಿಯುವವಳು ಅಂತ.
ಅವನ ತಮ್ಮ ಪಿಕಪ್ಪು ತನ್ನದೇ ಎಂದು ಬಣ್ಣ ಹೊಡೆಸಿಕೊಂಡಿದ್ದಾನೆ.
ಈ ಇಡೀ ಕಣಿವೆಯಲ್ಲಿ ಡೆಲ್ಮರ್ ಸ್ಟಿಲ್ಟ್ನರ್
ಇನ್ನೂ ಹತ್ತು ವರ್ಷ ಒಂಬತ್ತು ತಿಂಗಳು ಉಸಿರಾಡಲಿ ಎಂದು
ತಿಂಗಳು ತಿಂಗಳು ಎಣಿಸಿ ಬೇಡುವವಳು
ನಾನೊಬ್ಬಳೇ.

ಡಿಸೆಂಬರಿನಲ್ಲಿ ಔಷಧಿ ಅಂಗಡಿಯಲ್ಲಿ ಕಂಡ.
ಎರಡು ಡಬ್ಬಿ ಇಟ್ಟು, ಚಿಲ್ಲರೆ ಎಣಿಸಿ,
ಒಂದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.
ಅವನ ಹಿಂದೆ ಸಿಲಿಂಡರು, ಪಳಗಿದ ನಾಯಿಯಂತೆ,
ಪುಟ್ಟ ಗಾಲಿಗಳ ಮೇಲೆ.
ನಾನು ಹುಟ್ಟುಹಬ್ಬದ ಕಾರ್ಡುಗಳ ಮರೆಯಲ್ಲಿ ನಿಂತಿದ್ದೆ,
ಪರ್ಸಿನಲ್ಲಿ ಅವನದೇ ಅರವತ್ತು ಡಾಲರು.
ಮುಂದೆ ಹೋಗಲಿಲ್ಲ.
ಇದನ್ನು ಯಾರಿಗೂ ಹೇಳಿಲ್ಲ. ಸಮರ್ಥಿಸಿಕೊಳ್ಳುವುದೂ ಇಲ್ಲ.
ಮನೆಗೆ ಬಂದು ಬಲದವಡೆಯಲ್ಲಿ ಸೇಬು ಕಚ್ಚಿದೆ,
ಹೊಸ ಹಲ್ಲು, ಅವನ ದುಡ್ಡಿನದು.
ಗಟ್ಟಿಯಾಗಿತ್ತು. ಸಿಹಿಯಿತ್ತೋ ಏನೋ.

ರಾತ್ರಿ ನಾನೇ ಫೋನು ಮಾಡಿದೆ.
"ಇವತ್ತು ನಡೆದೆಯಾ, ವೈದ್ಯರು ಹೇಳಿದಷ್ಟು?"
"ನಿನಗೇನು?"
"ಬಾಕಿ ಇದೆ."
ನಳಿಗೆ ಸುಯ್ಯೆಂದಿತು, ಬಹಳ ಹೊತ್ತು.
"ಈ ಫೋನಿನ ಬಿಲ್ಲು ಯಾರ ದುಡ್ಡು?" ಅಂದ.
ನಿನ್ನದೇ, ಎಂದೆ.

ನಕ್ಕನೋ, ಕೆಮ್ಮಿದನೋ.
ಇಪ್ಪತ್ತೇಳು ವರ್ಷ ಒಂದೇ ದಿಂಬಿನಲ್ಲಿ ಕೇಳಿಯೂ
ನನಗದನ್ನು ಬೇರೆ ಮಾಡಲು
ಇಂದಿಗೂ ಬರುವುದಿಲ್ಲ.