ಹನ್ನೊಂದು ಹಂಸ, ಒಂದು ಸಂಸಾರ

ಹಂಸಗಳೆಲ್ಲ ಫೈಬರಿನವು. ಕತ್ತು ಮುರಿದವು ಮೂರು,
ಪೆಡಲು ಕಳಚಿದವು ಐದು, ಉಳಿದವಕ್ಕೆ ಹೊಟ್ಟೆಯಲ್ಲಿ ತೂತು.
ರಿಪೇರಿಗೆಂದು ಇವರನ್ನು ಕರೆದರು
ತುಮಕೂರಿನ ಅಮಾನಿಕೆರೆಗೆ, ಯುಗಾದಿ ಕಳೆದ ವಾರ.
ಇವರೊಬ್ಬರೇ ಹೋಗುವುದೆಂದು ಮಾತಾಗಿತ್ತು.
ನಾನು ಪಾತ್ರೆ ಕಟ್ಟಿದೆ, ಮಕ್ಕಳನ್ನೂ ಹೊರಡಿಸಿದೆ.

ಮನೆ ಅಂದರೆ ತೆಪ್ಪ:
ಇಪ್ಪತ್ತನಾಲ್ಕು ನೀಲಿ ಡ್ರಮ್ಮು, ಮೇಲೆ ಹಲಗೆ,
ಯಾರೋ ತೇಲುವ ಹೋಟೆಲು ಮಾಡಲು ಹೊರಟು ಕೈಬಿಟ್ಟದ್ದು.
ಟಾರ್ಪಾಲು ಎಳೆದೆವು. ಒಲೆಗೊಂದು ಮೂಲೆ,
ಗುಣಶೇಖರನ ಸೊಂಟಕ್ಕೊಂದು ಹಗ್ಗ.
ನಾಲ್ಕು ವರ್ಷದವನು, ಕೈಗೆ ಸಿಕ್ಕರೂ ಜಾರುತ್ತಾನೆ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ.
ನಾವು ಸೋಸಲೆ ಕಡೆಯವರು, ಹೊಳೆ ದಡದಲ್ಲೇ ಹುಟ್ಟಿದವರು,
ನೀರು ಎಂದರೆ ಎಲ್ಲಿಗೋ ಹೊರಟಿರಬೇಕು.
ಇದು ಸುಮ್ಮನೆ ಕೂತಿದೆ,
ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟಳ ಹಾಗೆ.
"ಸತ್ತ ನೀರು ಕಣ್ರೀ" ಅಂದೆ.
ಇವರು ಎದ್ದು ತೆಪ್ಪದ ಅಂಚಿಗೆ ಹೋಗಿ
ಕಾಲಲ್ಲಿ ಅಲೆ ಎಬ್ಬಿಸುತ್ತ ಕೂತರು,
ನನಗೆ ಕಣ್ಣು ಹತ್ತುವವರೆಗೆ.

ಬೆಳಗ್ಗೆ ಐದೂವರೆಗೆ ಊರು ಏರಿಯ ಮೇಲಿರುತ್ತಿತ್ತು:
ಬಿಳಿ ಬೂಟು, ಬೆವರು, ಸಕ್ಕರೆ ಕಾಯಿಲೆ,
ನನ್ನ ಒಗ್ಗರಣೆಗೆ ನಿಂತು ಮೂಗೆಳೆಯುವ ಬ್ಯಾಂಕಿನವರು.
ಎರಡನೆ ವಾರಕ್ಕೆ ಕೈ ಬೀಸಿದರು. ಆಮೇಲೊಂದು ದಿನ
ದಡದ ಕಲ್ಲಿನ ಮೇಲೆ ಬಾಳೆಲೆಯಲ್ಲಿ ನಾಲ್ಕು ತಟ್ಟೆ ಇಡ್ಲಿ,
ಇನ್ನೂ ಬಿಸಿ. ಇಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.
ಕಬ್ಬಿನ ಹಾಲಿನ ಗಾಡಿಯವಳು ಫೋನಿಗೆ ಕರೆಂಟು ಕೊಟ್ಟಳು,
ವಾಚ್‌ಮನ್ ದಸ್ತಗೀರಣ್ಣ ಕಕ್ಕಸಿನ ಬೀಗದ ಕೈ.
ರಾತ್ರಿ ಟಾರ್ಚು ಬಿಟ್ಟು ಎಣಿಸಿ, ರಿಜಿಸ್ಟರಿನಲ್ಲಿ
ಗಟ್ಟಿಯಾಗಿ ಓದಿಕೊಂಡೇ ಬರೆಯುತ್ತಿದ್ದ:
ಹಂಸ ಹನ್ನೊಂದು, ರಬ್ಬರ್ ದೋಣಿ ನಾಲ್ಕು, ಸಂಸಾರ ಒಂದು.

ಜಿನಮತಿ ಮೇಡಂ ಏರಿಯ ಮೇಲೆ ನಾಲ್ಕು ಸಲ ಹೋಗಿ ಬರುವರು.
ಹೋಗುವಾಗ ಕಪಿಲಾಗೆ ಒಂದು ಲೆಕ್ಕ ಕೂಗುವರು,
ಬರುವಾಗ ಉತ್ತರ ಕೇಳುವರು.
ನಡುವಿನ ಹೊತ್ತೆಲ್ಲ ನನ್ನ ಮಗಳು
ಅಕ್ಕಿ ಆರಿಸುತ್ತ ತುಟಿ ಅಲ್ಲಾಡಿಸುತ್ತಿದ್ದಳು.
ಅವರೇ ಹೇಳಿದ್ದು ನನಗೆ, ಒಂದು ದಿನ, ಲೆಕ್ಕದ ನಡುವೆ:
"ಇದು ಬರೀ ಮಳೆ ನೀರಲ್ಲಮ್ಮ. ಹೇಮಾವತಿ. ನಾಲೆಯಲ್ಲಿ ಬಂದದ್ದು."

ಹೇಮಾವತಿ!
ತಡೆದು ಇತ್ತ ತಿರುಗಿಸದಿದ್ದರೆ
ಕಾವೇರಿಗೆ ಕೂಡಿ, ನಮ್ಮೂರ ಮೆಟ್ಟಿಲು ತೊಳೆದು
ಮುಂದೆ ಹೋಗಬೇಕಿದ್ದ ನೀರು.
ಆ ರಾತ್ರಿ ಅಂಚಿನಲ್ಲಿ ಮಂಡಿಯೂರಿ
ಚೊಂಬಲ್ಲಿ ತುಂಬಿ ತಲೆಗೆ ಸುರಿದುಕೊಂಡೆ.
ನೀನೂ ಬಂದೆಯೇನವ್ವ ಇಷ್ಟು ದೂರ, ಗಂಟು ಕಟ್ಟಿಕೊಂಡು?
ಇವರು ಕಾಲಾಡಿಸಬೇಕಾಗಲಿಲ್ಲ.

ಜೂನಿನ ಮೊದಲ ವಾರ ಕೊನೆಯ ಕತ್ತೂ ಕೂತಿತು. ಹಸಿ ಬಣ್ಣ.
ಮೇಡಂ ಚಪ್ಪಲಿ ಬಿಟ್ಟು ದಡದಲ್ಲಿ ನಿಂತಿದ್ದರು:
ಮೂವತ್ತೊಂದು ವರ್ಷ ಪಕ್ಕದಲ್ಲೇ ನಡೆದಿದ್ದಾರಂತೆ,
ಒಂದು ಸಲವೂ ನೀರಿಗೆ ಇಳಿದಿಲ್ಲ.
ಹನ್ನೊಂದನೆ ಹಂಸದಲ್ಲಿ ಕೂರಿಸಿದೆವು.
ಕಪಿಲಾ ಒಂದು ಪೆಡಲು, ನಾನೊಂದು.
ನಡುನೀರಿನಲ್ಲಿ ತಮ್ಮ ಮನೆ ಹುಡುಕಿದರು. ಸಿಗಲಿಲ್ಲ.
ಲಾಡ್ಜಿನ ಬೋರ್ಡು, ನೀರಿನ ಟ್ಯಾಂಕು, ಅದರ ಹಿಂದೆ
ದೇವರಾಯನದುರ್ಗದ ತೆಳು ನೀಲಿ.
"ಊರು ಅಲ್ಲಾಡ್ತಿದೆ" ಅಂದರು.
"ಅಲ್ಲಾಡ್ತಿರೋದು ನಾವು, ಮೇಡಂ" ಎಂದಳು ಕಪಿಲಾ.
"ಇಲ್ಲ, ಊರೇ" ಅಂದರು.
ಮೊದಲ ಸಲ ಅವರ ಲೆಕ್ಕ ತಪ್ಪಿತ್ತು,
ನಾವು ತಿದ್ದಲು ಹೋಗಲಿಲ್ಲ.

ಬಸ್‌ಸ್ಟ್ಯಾಂಡಿನ ಸಿಮೆಂಟಿನ ಮೇಲೆ
ಗುಣಶೇಖರ ಕಾಲಗಲಿಸಿ ತೂಗುತ್ತ ನಡೆದ.
"ಯಾರು ಕುಡಿಸಿದ್ರಮ್ಮ ಇವನಿಗೆ?" ಕಂಡಕ್ಟರು ನಕ್ಕ.
ಸೀಟು ಸಿಕ್ಕಿ, ಗಂಟು ಇಳಿಸಿ, ಟಿಕೆಟ್ಟು ತೆಗೆದ ಮೇಲೆ
ನೋಡಿಕೊಂಡೆ:
ಅವನ ಸೊಂಟದ ಹಗ್ಗ ಬಿಚ್ಚಿಯೇ ಇರಲಿಲ್ಲ,
ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತು.