ಒಳಮೈ

ಪಾಕ್ ಸುಗೆಂಗ್ ಅಂಗಡಿಯ ಷಟರು ಅರ್ಧ ಇಳಿದ ಮೇಲೆ
ನಮ್ಮ ಸರದಿ.
ಹಗಲೆಲ್ಲ ಊರವರ ಗುರುತಿನ ಚೀಟಿ, ಪ್ರಬಂಧ, ಜಮೀನು ಪತ್ರ
ನುಂಗಿ ನುಂಗಿ ಮೈ ಕಾದ ಜೆರಾಕ್ಸ್ ಯಂತ್ರ
ನಮ್ಮ ಗೀಚನ್ನೂ ಅಷ್ಟೇ ಗಂಭೀರವಾಗಿ ಓದುತ್ತಿತ್ತು
ಹಸಿರು ಕಣ್ಣು ಹೊರಳಿಸಿ, ಎಡದಿಂದ ಬಲಕ್ಕೆ.

"ಏನಿದು, ಕರಪತ್ರವಾ?"
"ಝೀನ್" ಅಂದ ಗಾಲಿಹ್.
"ಮಾರುತ್ತೀರಾ?"
"ಇಲ್ಲ."
"ಮತ್ತೆ ದುಡ್ಡು ಯಾಕೆ ಸುಡುತ್ತೀರಿ" ಅಂದವನೇ
ಹತ್ತು ಪ್ರತಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ಹಾಳೆ, ಮೂರು ಮಡಿಕೆ, ನಡುವೆ ಒಂದು ಸೀಳು.
ಅಂಗೈಯಗಲದ ಎಂಟು ಪುಟ.
ಅಚ್ಚೆಲ್ಲ ಹೊರಮೈಗೆ.
ಒಳಮೈ ಖಾಲಿ, ಮಡಿಕೆಯ ಕತ್ತಲಲ್ಲಿ.

ಅದು ಮೆರಾಪಿ ಬೂದಿ ಉಗುಳಿದ ತಿಂಗಳು.
ಬೈಕಿನ ಸೀಟು, ಬಾಳೆಲೆ, ಅನ್ನದ ತಪ್ಪಲೆ,
ಕೊನೆಗೆ ಯಂತ್ರದ ಗಾಜು.
ಎಷ್ಟು ಒರೆಸಿದರೂ ಪುಟ ಪುಟಕ್ಕೂ ಕರಿ ಚುಕ್ಕಿ.
ಓದಿದವರು ಅದನ್ನೇ ವಿನ್ಯಾಸ ಅಂದುಕೊಂಡು ಹೊಗಳಿದರು.
ನಾವೂ ಅಲ್ಲ ಅನ್ನಲಿಲ್ಲ.

ಪ್ರಿತಾ ಬರೆದದ್ದು ಹಾಸ್ಟೆಲ್ಲಿನ ಸಾರಿಗೊಂದು ಚರಮಗೀತೆ.
ಗಾಲಿಹ್ ಬರೆದದ್ದು ತಾನಿನ್ನೂ ಕಟ್ಟದ ಬ್ಯಾಂಡಿನ ಸಂದರ್ಶನ.
ನನ್ನದು, ಬಿಡಿ.
ಬೆಟ್ಟದ ಬುಡದಿಂದ ಬರುತ್ತಿದ್ದ ನಿಕೆನ್
ಆರನೇ ಪುಟಕ್ಕೆ ಮೂರು ಹಸು ಬಿಡಿಸಿದಳು,
ಮೆಲುಕು ಹಾಕುತ್ತ ನಮ್ಮನ್ನೇ ನೋಡುವ ಹಸು.
"ಬರಹ ಎಲ್ಲಿ?" ಕೇಳಿದೆವು.
"ಹಸು ಓದುವುದಿಲ್ಲ" ಅಂದಳು.
ಬಿದ್ದು ಬಿದ್ದು ನಕ್ಕೆವು.

ನಲವತ್ತು ಪ್ರತಿ, ತಲಾ ಹತ್ತು.
ಬದಲಿಗೆ ಬಂದದ್ದು: ಯಾರದೋ ಬೆಕ್ಕಿನ ಝೀನ್,
ಅರ್ಧ ಪ್ಯಾಕು ಲವಂಗದ ಸಿಗರೇಟು,
ಒಂದು ಬೈಗುಳ, ಕಾಗುಣಿತ ತಪ್ಪಿಗೆ.

ಹನ್ನೊಂದು ವರ್ಷ.
ಮೊನ್ನೆ ಸ್ಟೇಷನ್ನಿನ ಹಿಂದಿನ ಗಾಡಿಯಲ್ಲಿ
ಬಿಸಿ ತೆಂಪೆ ಕರಿದು ಮುದುಕಿ ಸುತ್ತಿಕೊಟ್ಟ ಕಾಗದದಲ್ಲಿ
ಕರಿ ಚುಕ್ಕಿ, ಮೂರು ಹಸು.
ಎಣ್ಣೆ ಹಬ್ಬಿದ ಕಡೆ ಹಾಳೆ ಗಾಜಾಗಿ
ಹಸುಗಳ ಹೊಟ್ಟೆಯೊಳಗೆ
ಉಲ್ಟಾ ಅಕ್ಷರ.

ತೆಂಪೆ ಬಾಯಿಗೆ ತುರುಕಿ ಹಾಳೆ ತಿರುಗಿಸಿದೆ.
ನೀಲಿ ಪೆನ್ನು, ಅವಳ ಗುಂಡು ಗುಂಡು ಕೈಬರಹ:
"ಮೆಲಾಟಿ. ಕೆನಾಂಗಾ. ಬೆಲಾಂಗ್.
ಹಗ್ಗ ಬಿಚ್ಚಲು ಅಪ್ಪ ವಾಪಸು ಓಡಿದರು.
ಎರಡು ಹಗ್ಗ ಬಿಚ್ಚಿದರು."

ಅಷ್ಟೇ. ಮುಂದಿನದು ಎಣ್ಣೆಯೋ,
ಬರೆದೇ ಇರಲಿಲ್ಲವೋ.

ಆ ರಾತ್ರಿ ಫೋನು ಹಚ್ಚಿದೆ.
"ಎಷ್ಟು ಪ್ರತಿಯಲ್ಲಿ ಬರೆದಿದ್ದೆ?"
"ನನ್ನ ಹತ್ತರಲ್ಲೂ. ನಿಮ್ಮ ಮೂವರಿಗೂ ಒಂದೊಂದು ಕೊಟ್ಟಿದ್ದೆನಲ್ಲ."

ಕೊಟ್ಟಿದ್ದಳು.
ನಾವೇ ಮಡಿಚಿದ್ದನ್ನು ನಾವು ಯಾಕೆ ಬಿಚ್ಚುತ್ತೇವೆ.

ಏನು ಹೇಳಲಿ ಅಂತ ಹುಡುಕುತ್ತಿದ್ದೆ.
ಬೆರಳಲ್ಲಿ ಇನ್ನೂ ಜಿಡ್ಡು.
ಅತ್ತ ಕಡೆ ಯಾವುದೋ ಮಗು ಅಳುತ್ತಿತ್ತು,
ಅದನ್ನು ಸುಮ್ಮನಿರಿಸಿ ಕೇಳಿದಳು:
"ತೆಂಪೆ ಗರಿಗರಿ ಇತ್ತಾ?"